ಹೊರಗೆ ಸರಿದ ಗೋಡೆ

ಎಲ್ಡರ್‌ಕೂಂಬ್, ಡಾರ್ಸೆಟ್
ಮೇ ೧೨, ೧೮೭೪

ಮುದ್ದಿನ ಮಗಳು ಡಾರ್ಕಾಸ್‌ಗೆ,

ನಿನಗೂ ಅಳಿಯಂದಿರಿಗೂ ಹೊಸ ಕಂದಮ್ಮನಿಗೂ ಅಮ್ಮನ ಆಶೀರ್ವಾದ. ಹೆರಿಗೆ ಸುಸೂತ್ರವಾಯಿತೆಂದು ತಿಳಿದೂ ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಬೇಸರಪಡಬೇಡ. ಅಪ್ಪ ಹೋದ ಮೇಲೆ ಪಾದ್ರಿಮನೆ ಖಾಲಿ ಮಾಡುವುದರಲ್ಲೇ ಕೈ ಸೋತಿತ್ತು. ಈಗ ಕೆರೆಯ ಬದಿಯ ಪುಟ್ಟ ಮನೆಗೆ ಬಂದಿದ್ದೇನೆ. ಅಡುಗೆಮನೆ ಬೆಚ್ಚಗಿದೆ, ಕಿಟಕಿ ತೆರೆದರೆ ಪೇರ್ ಹಣ್ಣಿನ ಮರದ ತುಂಬ ಹೂವು.

ಆಗ ಬಸುರಿ ನೀನು, ಅಪ್ಪನ ಮಣ್ಣಿಗೆ ಬರಲಾಗಲಿಲ್ಲವೆಂದು ಕೊರಗಬೇಡ. ಊರಿಗೆ ಊರೇ ನೆರೆದಿತ್ತು. ಗೋರಿ ತೋಡುವ ಜೇಬೆಜ್ ಕಣ್ಣೊರೆಸಿಕೊಳ್ಳುತ್ತ, "ಚರ್ಚ್‌ನಾಗೆ ಅಯ್ಯನೋರು ಪ್ರಸಂಗ ಹೇಳೋವಾಗ ನಿದ್ದೆ ಮಾಡಿದಷ್ಟು ಸುಖವಾಗಿ ನಾನು ಮನೇಲೂ ಮಲಗಿಲ್ಲ ಅಮ್ಮಾವ್ರೇ" ಅಂದ. ಆ ದುಃಖದಲ್ಲೂ ನಗು ಬಂತು. ಪ್ರಸಂಗದ ವಿಷಯದಲ್ಲಿ ನಿನ್ನ ಅಪ್ಪನಿಗೂ ಭ್ರಮೆಯಿರಲಿಲ್ಲ.

ಅವರು ಬಿಟ್ಟುಹೋದದ್ದು ಚರ್ಚಿನ ಸ್ಮಶಾನದ ಬಡಗಣ ಗೋಡೆ. ದೀಕ್ಷಾಸ್ನಾನಕ್ಕೆ ಮುಂಚೆಯೇ ತೀರಿಕೊಂಡ ಕೂಸುಗಳಿಗೆ ಪ್ರತಿಷ್ಠೆ ಮಾಡಿದ ಪವಿತ್ರ ನೆಲದಲ್ಲಿ ಜಾಗವಿಲ್ಲವೆಂದು ಅವನ್ನು ಆ ಗೋಡೆಯಾಚೆ, ತುರಿಕೆಗಿಡಗಳ ನಡುವೆ ಹೂಳುತ್ತಿದ್ದರು. ನೀನು ಚಿಕ್ಕವಳಿದ್ದಾಗ ಒಂದು ಚಳಿಗಾಲದ ಹಿಮಕ್ಕೆ ಗೋಡೆ ಕುಸಿಯಿತು. ಮತ್ತೆ ಕಟ್ಟಿಸುವಾಗ ಅಪ್ಪ ಅದನ್ನು ನಮ್ಮ ಹಸು ಮೇಯುವ ಹುಲ್ಲುಗಾವಲಿನೊಳಕ್ಕೆ ಸರಿಸಿಬಿಟ್ಟರು. ಕೂಸುಗಳೆಲ್ಲ ಒಳಗೆ ಬಂದವು. ಚರ್ಚಿನ ಮೇಲಧಿಕಾರಿ ಬಂದು, "ಇದು ಪ್ರತಿಷ್ಠೆಯಾದ ನೆಲವಲ್ಲ, ಟಿಲ್ಲೀ!" ಎಂದು ಗದರಿದಾಗ, "ನಾನು ಗೋಡೆ ಕಟ್ಟಿಸಿದ್ದೀನಿ ಅಷ್ಟೇ ಸ್ವಾಮಿ. ಉಳಿದದ್ದು ದೇವರು ನೋಡ್ಕೋತಾನೆ" ಎಂದು ಈರುಳ್ಳಿ ಮಡಿಗೆ ನೀರು ಹಾಕಲು ಹೊರಟುಹೋದರು.

ಹೊಸ ಪಾದ್ರಿ ಫ್ಯಾರಂಟ್ ಕಾಯಿದೆಯ ಮನುಷ್ಯ, ಕೆಟ್ಟವರಲ್ಲ. ಬಂದ ವಾರವೇ ಹಳೆಯ ನಕಾಶೆ ಹಿಡಿದು ಸುತ್ತಾಡಿ, ಗೋಡೆಯನ್ನು ಮೊದಲಿನ ಜಾಗಕ್ಕೇ ತರಿಸುವುದಾಗಿ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಆ ಮನೆ ಈಗ ನನ್ನದಲ್ಲ, ಹೇಳುವ ಹಕ್ಕೂ ನನ್ನದಲ್ಲ ಎಂದು ಸುಮ್ಮನಿದ್ದೆ.

ಸುಮ್ಮನಿರದವಳು ಜೇಬೆಜ್‌ನ ಹೆಂಡತಿ ಮಾರ್ಥಾ. ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ಅವರನ್ನು ತಡೆದಳು.

"ಗೋಡೆ ಕೆಡವ್ತೀರಂತೆ?"

"ಕೆಡವೋದಲ್ಲಮ್ಮ, ಮೊದಲಿದ್ದ ಕಡೆಗೆ ತರೋದು."

"ತನ್ನಿ. ಅಲ್ಲಿ ನನ್ನ ಮೂರು ಮಕ್ಕಳು ಮಲಗವೆ. ಅವರನ್ನ ಆಚೆಗೆ ಹಾಕೋ ದಿನ ನನಗೂ ಹೇಳಿಕಳ್ಸಿ. ನಾನೂ ಆಚೆಗೇ ನಿಂತ್ಕೋತೀನಿ."

ಅಷ್ಟು ಹೇಳಿ ಅವಳು ಮನೆಗೆ ಹೋಗಲಿಲ್ಲ, ಬಡಗಣ ಗೋಡೆಯ ಹತ್ತಿರ ಹೋಗಿ ನಿಂತಳು. ಹಿಂದೆಯೇ ಹಾಲಿನವಳು, ಕಮ್ಮಾರನ ತಾಯಿ, ಮದುವೆಯಾಗದ ದರ್ಜಿ ಹೆಂಗಸೂ ಹೋದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಒಬ್ಬೊಬ್ಬಳೂ ತನ್ನ ತನ್ನ ಜಾಗ ಗೊತ್ತಿದ್ದವಳಂತೆ ಹುಲ್ಲಿನ ಮೇಲೆ ನಿಂತಳು.

ಫ್ಯಾರಂಟ್ ಬಾಗಿಲು ಬಿಟ್ಟು ಹುಲ್ಲಿಗೆ ಇಳಿದರು. ಆಮೇಲೆ ಟೋಪಿ ತೆಗೆದು ಹತ್ತಿರ ಬಂದು, "ಹೆಸರಿಟ್ಟಿದ್ರಾ?" ಎಂದು ಮಾರ್ಥಾಳನ್ನು ಕೇಳಿದರು. "ಇಟ್ಟಿದ್ದೆ. ಯಾರೂ ಕೇಳಿರ್ಲಿಲ್ಲ" ಎಂದಳು. ಅವಳು ಹೇಳಿದ ಮೂರು ಹೆಸರನ್ನೂ ಅವರು ಗಟ್ಟಿಯಾಗಿ ಹೇಳಿ ಪ್ರಾರ್ಥಿಸಿದರು. ಆಮೇಲೆ ಉಳಿದವರ ಕೂಸುಗಳ ಹೆಸರನ್ನೂ ಕೇಳಿದರು. ಗೋಡೆ ಇದ್ದಲ್ಲೇ ಇರುತ್ತದೆ ಮಗಳೇ. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮೈ ಬೆಚ್ಚಗಿಟ್ಟುಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮಡಿಲು ಸದಾ ತಣ್ಣಗಿರಲಿ.

ನಿನ್ನ ಪ್ರೀತಿಯ ಅಮ್ಮ,
ಸುಸಾನಾ ಟಿಲ್ಲೀ

ಮರೆತ ಮಾತು: ಮರೆತದ್ದಲ್ಲ, ನಿನ್ನ ಹೆರಿಗೆಗೆ ಮುಂಚೆ ಹೇಳಲು ಧೈರ್ಯವಾಗಲಿಲ್ಲ. ನಿನಗಿಂತ ಮೊದಲು ನನಗೊಬ್ಬ ಮಗ ಹುಟ್ಟಿದ್ದ. ಉಸಿರೇ ಎಳೆಯಲಿಲ್ಲ. ಆಗ ಅಪ್ಪ ಬೇರೆ ಊರಲ್ಲಿ ಸಹಾಯಕ ಪಾದ್ರಿ. ಅಲ್ಲಿನ ಹಿರಿಯರು ಒಳಗೆ ಜಾಗ ಕೊಡಲಿಲ್ಲ. ಅಪ್ಪ ತಾವೇ ಎತ್ತಿಕೊಂಡು ಹೋಗಿ ಗೋಡೆಯಾಚೆ ಮಣ್ಣು ಮಾಡಿ ಬಂದರು. ನಾನಿನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಯಾವ ಕಡೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.