ತಂತಿಬೇಲಿಯಾಚೆ ಹೂತದ್ದು

ವೈಕೋಟುಕು
೧೭ ಮಾರ್ಚ್ ೨೦೨೪, ಭಾನುವಾರ

ನಾದಿನಿ ರೀಪೆಕಾಳಿಗೆ, ನಿನ್ನ ಅತ್ತಿಗೆ ಮೆರೆಯಾನಾ ಬರೆಯುತ್ತಿರುವುದು.

ಅಕ್ಷರ ನೋಡಿದ ಕೂಡಲೇ ಹರಿದು ಹಾಕದೆ ಇಷ್ಟು ಓದಿದೆಯಾದರೆ ಇನ್ನೊಂದು ಗಳಿಗೆ ತಾಳು. ನೀನು ಊರು ಬಿಟ್ಟು ಬ್ರಿಸ್ಬೇನಿಗೆ ಹೋಗಿ ಮೂವತ್ತಮೂರು ವರ್ಷವಾಯಿತು. ಅಷ್ಟರಲ್ಲಿ ನಾನು ನಿನಗೆ ಬರೆದದ್ದು ಎರಡೇ ಸಲ, ನಿಮ್ಮಮ್ಮ ತೀರಿಕೊಂಡಾಗ ಒಮ್ಮೆ, ನಿನ್ನಣ್ಣ ತಾಮತಿ ತೀರಿಕೊಂಡಾಗ ಒಮ್ಮೆ. ಎರಡೂ ಎರಡೆರಡು ಸಾಲಿನ ಕಾಗದ, ಅದರಲ್ಲೂ ಕೊಂಕು. ಇವತ್ತಿನದು ಉದ್ದವಾಗುತ್ತದೆ.

ಮೊದಲು ಅವಸರದ ಮಾತು. ವೈಮಾರಿಗೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಹೇಳು. ಯಾವ ಪರೀಕ್ಷೆ, ಡಾಕ್ಟರಿಗೆ ಏನು ಹೇಳಬೇಕು ಎಂಬುದೆಲ್ಲ ಬೇರೆ ಚೀಟಿಯಲ್ಲಿದೆ. ಇದರ ಜೊತೆಗೇ ಇಟ್ಟಿದ್ದೇನೆ. ನನ್ನ ಕಾಗದ ಬೇಡವಾದರೆ ಬೇಡ, ಆ ಚೀಟಿಯನ್ನು ಮಾತ್ರ ಮಗಳ ಕೈಗೆ ಕೊಡು.

ಚೀಟಿ ಬರೆದುಕೊಟ್ಟವಳು ಬ್ರೈಡಿ ಅಂತ, ಆಕ್ಲೆಂಡಿನವಳು. ನಮ್ಮ ಅಳಿವೆಯ ಮೇಲಿನ ಹಳೆಯ ಕಸದ ದಿಬ್ಬವನ್ನು ಪರೀಕ್ಷೆ ಮಾಡಿ ಶುದ್ಧ ಮಾಡಿಸಲು ಬಂದಿದ್ದಾಳೆ. ಎರಡು ವರ್ಷದ ಕೆಳಗೆ ಪ್ರವಾಹ ಬಂದು ನದಿ ದಿಬ್ಬದ ಅರ್ಧ ಪಕ್ಕೆಯನ್ನೇ ತಿಂದು ಹಾಕಿತು. ಬೆಳಿಗ್ಗೆ ನೋಡಿದರೆ ನಾವು ಪಿಪಿ ಚಿಪ್ಪುಮೀನು ಆಯುತ್ತಿದ್ದ ಮರಳಿನ ತುಂಬ ಟೈರು, ಪ್ಲಾಸ್ಟಿಕ್ಕು, ಮಕ್ಕಳ ತಳ್ಳುಗಾಡಿ, ನಲವತ್ತು ವರ್ಷದ ಎಲ್ಲರ ಮನೆಯ ಗುಟ್ಟು. ಕೌನ್ಸಿಲ್‌ನವರು ಬೋರ್ಡು ನೆಟ್ಟರು. ನಮ್ಮ ಹಿರಿಯರೂ ಮಂತ್ರ ಹೇಳಿ, ಅಳಿವೆಯಿಂದ ಒಂದು ಚಿಪ್ಪನ್ನೂ ಎತ್ತಬಾರದು ಎಂದು ಕಟ್ಟು ಹಾಕಿದರು. ಆಮೇಲೆ ನೆಂಟರಿಗೆ ಪಿಪಿಯ ಬದಲು ಪೇಟೆಯಿಂದ ಕೋಳಿ ತಂದು ಬಡಿಸುತ್ತಿದ್ದೇವೆ. ಬಂದವರು ಏನೂ ಅನ್ನುವುದಿಲ್ಲ, ತಟ್ಟೆ ನೋಡಿ ಸುಮ್ಮನಾಗುತ್ತಾರೆ. ಅದೇ ಹೆಚ್ಚು ಚುಚ್ಚುತ್ತದೆ.

ಕೌನ್ಸಿಲ್‌ನ ಹತ್ತಿರ ದಿಬ್ಬದ ಹಳೆಯ ಕಾಗದಗಳು ಇರಲಿಲ್ಲ. ಹಾಗಾಗಿ ಬ್ರೈಡಿ ಒಂದು ದಿನ ನಮ್ಮ ಊರಿನ ಊಟದ ಮನೆಯಲ್ಲಿ ಮೇಜಿನಗಲದ ನಕ್ಷೆ ಹಾಸಿ, ಮುದುಕ ಮುದುಕಿಯರಿಗೆಲ್ಲ ಪೆನ್ಸಿಲ್ ಕೊಟ್ಟು, ಎಲ್ಲೆಲ್ಲಿ ಏನೇನು ಹೂತಿದೆ ನೆನಪಿದ್ದಷ್ಟು ಗುರುತು ಹಾಕಿ ಅಂದಳು. ರಾವಿರಿ ಗೊತ್ತಲ್ಲ, ಹಲ್ಲೆಲ್ಲ ಹೋಗಿದೆ, ನಾಲಿಗೆ ಹಾಗೇ ಇದೆ. "ಇಗೋ ಇಲ್ಲಿ ನನ್ನ ಮೊದಲ್ನೇ ಹೆಂಡ್ತಿ ಸೋಫಾ ಇದೆ. ಸಿಕ್ರೆ ಅಲ್ಲೇ ಮುಚ್ಚಿಬಿಡಮ್ಮ, ಮತ್ತೆ ಅದರ ಮೇಲೆ ಕೂರೋ ಧೈರ್ಯ ನನಗಿಲ್ಲ" ಅಂದ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಬ್ರೈಡಿ ನನ್ನ ಕಡೆ ತಿರುಗಿದಳು. "ನಿಮ್ಮ ಯಜಮಾನ್ರು ಇಲ್ಲಿ ಬುಲ್ಡೋಜರ್ ಓಡಿಸ್ತಿದ್ರಂತೆ. ಏನಾದ್ರೂ ಹೇಳ್ತಿದ್ರಾ ಅಮ್ಮಾ?" ಎಂದು ಕೇಳಿದಳು.

"ಅವನಾ? ಮನೆಗೆ ಬಂದ್ರೆ ಬೂಟು ಬಿಚ್ಚೋಕೂ ಮಾತು ಖರ್ಚು ಮಾಡ್ತಿರ್ಲಿಲ್ಲ" ಎಂದೆ. ಆಮೇಲೆ ಯಾರೂ ಕೇಳದೆ ಇದ್ದರೂ ಎದ್ದು ಹೋಗಿ ಕರಿದ ರೊಟ್ಟಿ ತಂದಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕತೆ. ಆ ಹುಡುಗಿ ರೊಟ್ಟಿ ತಿಂದಳು, ನನ್ನ ಮುಖವನ್ನೂ ನೋಡಿದಳು.

ಅವರು ದಿಬ್ಬದ ತುಂಬ ಕೊಳವೆ ಇಳಿಸಿ ಅಡಿಯ ನೀರು ತೆಗೆದರು. ಮರಕ್ಕೆ ಹುಳು ಹಿಡಿಯದಂತೆ ಹಚ್ಚುತ್ತಿದ್ದರಲ್ಲ, ಆ ಔಷಧಿ ನೀರಿನಲ್ಲಿ ಇದೆ ಎಂದು ಗೊತ್ತಾಯಿತು. ಆದರೆ ಎಲ್ಲಿಂದ ಬರುತ್ತಿದೆ ಎಂಬುದು ಮಾತ್ರ ತಿಳಿಯಲಿಲ್ಲ. ಇಪ್ಪತ್ತೆಂಟು ಕಡೆ ಅಗೆದು ನೋಡಿದರು. ಸಿಗದಿದ್ದಕ್ಕೆ ನದಿಯ ಕಡೆ ಕಲ್ಲಿನ ಗೋಡೆ ಕಟ್ಟಿ, ಮೇಲೆ ಜೇಡಿಮಣ್ಣು ಹೊದಿಸಿ ಮುಚ್ಚಿಬಿಡುವುದು ಎಂದು ನಿಶ್ಚಯ ಮಾಡಿದರು. ನಾಳೆ, ಸೋಮವಾರ, ಆ ಕೆಲಸ ಶುರುವಾಗಬೇಕಿತ್ತು. ಅವರು ಹುಡುಕುತ್ತಿದ್ದದ್ದು ದಿಬ್ಬದಲ್ಲಿ ಇರಲೇ ಇಲ್ಲ ರೀಪೆಕಾ. ತಂತಿಬೇಲಿಯಾಚೆ, ಕುದುರೆ ಮೇಯುವ ಹೊಲದ ಮೂಲೆಯಲ್ಲಿತ್ತು. ಗೋಡೆ ಕಟ್ಟಿದ್ದರೂ ಅದು ಗೋಡೆಯ ಹೊರಗಿನಿಂದ ಅಳಿವೆಗೆ ಇಳಿಯುತ್ತಲೇ ಇರುತ್ತಿತ್ತು. ನನ್ನ ಮೊಮ್ಮಕ್ಕಳ ಕಾಲಕ್ಕೂ ಕಟ್ಟು ಬಿಡುತ್ತಿರಲಿಲ್ಲ. ಇಡೀ ಊರಿನಲ್ಲಿ ಆ ಜಾಗ ಗೊತ್ತಿದ್ದವಳು ನಾನೊಬ್ಬಳೇ.

ಈಗ ನಿನ್ನಣ್ಣನ ವಿಷಯ. ನಮ್ಮ ಹಳೆಯ ಊಟದ ಮನೆಯ ಚಾವಣಿ ಕುಸಿದದ್ದು ನಿನಗೆ ನೆನಪಿರಬೇಕು. ಸತ್ತವರ ಮನೆಯ ಊಟವನ್ನೂ ಟಾರ್ಪಾಲಿನ ಕೆಳಗೆ ಬಡಿಸುತ್ತಿದ್ದೆವು. ಮಳೆ ಬಂದರೆ ಸಾರಿನಲ್ಲಿ ನೀರು. ಪಕ್ಕದೂರಿನವರು, ವೈಕೋಟುಕುವಿಗೆ ಹೋದರೆ ಛತ್ರಿ ಹಿಡಿದುಕೊಂಡು ಉಣ್ಣಬೇಕು ಎಂದು ಆಡಿಕೊಂಡರು. ಅದೇ ಹೊತ್ತಿಗೆ ನದಿಯ ಮೇಲ್ಗಡೆಯ ಮರ ಕೊಯ್ಯುವ ಕಾರ್ಖಾನೆಯ ಯಜಮಾನ ತಾಮತಿಯ ಹತ್ತಿರ ಬಂದ. ಆ ಔಷಧಿ ಬಳಸುವುದು ನಿಂತಿತ್ತು, ಉಳಿದ ಡ್ರಮ್ಮುಗಳನ್ನು ಎಲ್ಲಾದರೂ ಕಣ್ಮರೆ ಮಾಡಬೇಕಿತ್ತು. ಯಾರಿಗೂ ತಿಳಿಯದ ಹಾಗೆ ಹೂತುಕೊಟ್ಟರೆ ಊಟದ ಮನೆಗೆ ಬೇಕಾದಷ್ಟು ಮರ ಕೊಡುತ್ತೇನೆ ಅಂದ. ತಾಮತಿ ಒಂದು ಕಾಸು ಮುಟ್ಟಲಿಲ್ಲ. ಆ ಮರದಲ್ಲಿ ಮನೆ ಎದ್ದಿತು. ಯಾರೋ ಪುಣ್ಯಾತ್ಮ ದಾನ ಕೊಟ್ಟ ಎಂದು ಊರೆಲ್ಲ ಹರಸಿತು.

ಮನೆ ತೆರೆದ ದಿನ ಮೂರು ಊರಿನ ನೆಂಟರು ಬಂದಿದ್ದರು. ಸಭೆ ನಡೆಯುತ್ತಿತ್ತು, ಒಲೆಯ ಮೇಲೆ ಪಿಪಿ ಬೇಯುತ್ತಿತ್ತು. ನೀನು ವೈಮಾರಿಯನ್ನು ಕೈಹಿಡಿದು ಕರೆದುಕೊಂಡು ಬಂದು ನಡುಮನೆಯಲ್ಲಿ ನಿಂತೆ. ಮಗುವಿಗೆ ಏಳು ವರ್ಷ. "ನಮ್ಮ ಪಿಪಿ ಸೀಮೆಎಣ್ಣೆ ನಾರ್ತಿದೆ, ಯಾರೂ ತಿನ್ಬೇಡಿ. ನನ್ನ ಮಗಳ ಕೈ ನೋಡಿ, ಎಂಟು ತಿಂಗಳಾಯ್ತು ಈ ಹುಣ್ಣು ಮಾಯ್ತಿಲ್ಲ. ನರ್ಸು ಸೋಪು ಹಾಕಿ ತೊಳಿ ಅಂತಾಳೆ. ದಿಬ್ಬದಿಂದ ಏನು ಇಳೀತಿದೆ ಅಂತ ಯಾರಾದ್ರೂ..." ಅಷ್ಟಕ್ಕೆ ನಾನು ಎದ್ದು ನಿಂತು ಅಜ್ಜಿ ಕಲಿಸಿದ ನದಿಯ ಹಾಡು ಎತ್ತಿಕೊಂಡೆ.

ಹಾಡು ಎತ್ತಿದರೆ ಮಾತು ಮುಗಿಯಿತು. ಅದು ನಮ್ಮ ಪದ್ಧತಿ. ಮಾತು ಚೆನ್ನಾಗಿ ಆಡಿದವರಿಗೆ ಬೆನ್ನಿಗೆ ನಿಂತು ಹಾಡುತ್ತೇವೆ, ಮಾತು ಮೀರಿದವರನ್ನು ಕೂರಿಸುವುದಕ್ಕೂ ಹೆಂಗಸರು ಹಾಗೆಯೇ ಹಾಡುತ್ತೇವೆ. ಎಲ್ಲ ಹೆಂಗಸರೂ ದನಿ ಸೇರಿಸಿದರು. ನಿನ್ನಮ್ಮನೂ. ನೀನು ಬಾಯಿ ತೆರೆದುಕೊಂಡೇ ನಿಂತಿದ್ದೆ. ವೈಮಾರಿ ಪಾಪ, ತನ್ನ ಅಮ್ಮನ ಬೆನ್ನಿಗೆ ನಿಂತೇ ಹಾಡುತ್ತಿದ್ದಾರೆ ಎಂದುಕೊಂಡು ತಾನೂ ಹಾಡಿತು. ಹಾಡು ಮುಗಿದ ಮೇಲೆ ಊಟಕ್ಕೆ ಎದ್ದರು. ಎಂಥ ಪಿಪಿ, ಎಂಥ ರುಚಿ ಎಂದು ನೆಂಟರು ಎರಡೆರಡು ಸಲ ಹಾಕಿಸಿಕೊಂಡರು. ನಾನು ನಿನ್ನ ಹತ್ತಿರ ಬಂದು, "ನೆಂಟರ ಮುಂದೆ ಮನೆ ಮಾನ ಕಳೀಬೇಡ ಕಣೇ" ಅಂದೆ. ಅದೇ ನಾನು ನಿನ್ನ ಹತ್ತಿರ ಕೊನೆಯದಾಗಿ ಆಡಿದ ಮಾತು. ಮುಂದಿನ ವರ್ಷ ನೀನು ಮಗಳನ್ನು ಕರೆದುಕೊಂಡು ಹೊರಟುಹೋದೆ.

ನನಗೆ ಆಗ ತಿಳಿದಿರಲಿಲ್ಲ. ಹುಚ್ಚು ಮಾನದ ಭರದಲ್ಲಿ ಹಾಡಿದೆ. ಡ್ರಮ್ಮಿನ ವಿಷಯ ತಾಮತಿ ಬಾಯಿ ಬಿಟ್ಟದ್ದು ಆರು ವರ್ಷದ ಕೆಳಗೆ, ಸಾಯುವ ವಾರ. "ಕುದುರೆ ಹೊಲದಲ್ಲಿ, ಬೇಲಿ ಕಂಬದಿಂದ ಹದಿನೈದು ಹೆಜ್ಜೆ. ರೀಪೆಕಾಗೆ ಹೇಳು" ಅಂದ. ನಾನು ಹೇಳಲಿಲ್ಲ. ಅಣ್ಣನ ಸಾವಿಗೂ ನೀನು ಬರಲಿಲ್ಲ ಎಂದು ಊರು ಆಡಿಕೊಂಡಾಗ ನಾನೂ ಆಡಿಕೊಂಡೆ. ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಮೊದಲು ಬಾಯಿ ತೆಗೆದವಳೇ ನಾನು. ಅದಕ್ಕೆ ನನಗೆ ನಾಚಿಕೆಯಾಗುತ್ತಿದೆ.

ಈ ಮಂಗಳವಾರ ಬೆಳಿಗ್ಗೆ ಬ್ರೈಡಿಯ ಹತ್ತಿರ ಹೋಗಿ, ಬೂಟು ಹಾಕಿಕೊಂಡು ಬಾ ಅಂದೆ. ನನ್ನ ಮಗ ಎರುಯೆರಾನಿಗೆ ಹಿಂದಿನ ರಾತ್ರಿ ವಿಷಯ ಹೇಳಿದ್ದೆ, ಅವನು ದಾರಿಯಲ್ಲಿ ತಡೆದ. "ಅಪ್ಪನ್ನ ಯಾಕಮ್ಮಾ ಎಳೀತೀಯ? ಸತ್ತವರು ಎದ್ದುಬಂದು ಉತ್ತರ ಕೊಡ್ತಾರಾ?" ಅಂದ. ಬದುಕಿರೋಳು ನಾನಿದ್ದೀನಲ್ಲ, ನಾನೇ ಕೊಡ್ತೀನಿ ಎಂದೆ. ಆವತ್ತಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಊಟದ ಹೊತ್ತಿಗೆ ಬಟ್ಟಲು ಮಾತ್ರ ನನ್ನ ಅಡುಗೆಮನೆಗೇ ತರುತ್ತಾನೆ.

ಹದಿನೈದು ಹೆಜ್ಜೆಗೆ ಅಗೆದರು. ಆಳೆತ್ತರ ಹೋಗುವಷ್ಟರಲ್ಲಿ ಆ ವಾಸನೆ ಬಂತು. ಶುಕ್ರವಾರದ ಹೊತ್ತಿಗೆ ಮೂವತ್ತೇಳು ಡ್ರಮ್ಮು ಎತ್ತಿದ್ದರು, ಮುಖಕ್ಕೆ ಗವುಸು ಕಟ್ಟಿಕೊಂಡು, ತುಕ್ಕು ಹಿಡಿದು ಉದುರುವ ತಗಡನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು. ಹನ್ನೆರಡು ಡ್ರಮ್ಮು ಖಾಲಿ. ಎಲ್ಲರೂ ಅಳಿವೆಯ ಕಡೆ ನೋಡಿದರು. ಗೋಡೆಯ ಕೆಲಸ ನಿಂತಿದೆ. ಮೊದಲು ಹೊಲದ ಮಣ್ಣನ್ನೆಲ್ಲ ತೆಗೆದು ಸಾಗಿಸುತ್ತಾರಂತೆ. ಆಮೇಲೆ ಅಳಿವೆ ಚೊಕ್ಕಟವಾಗಲು ಹತ್ತು ವರ್ಷವೋ ಹದಿನೈದೋ ಎಂದಳು ಬ್ರೈಡಿ. ನನಗೆ ಅರವತ್ತೆಂಟು. ಲೆಕ್ಕ ನೀನೇ ಹಾಕಿಕೋ.

ಊರಿಗೆ ಡ್ರಮ್ಮು ಸಿಕ್ಕಿದ್ದು ಗೊತ್ತು, ಹೂತವರು ಯಾರು, ಯಾತಕ್ಕೆ ಎಂಬುದು ಗೊತ್ತಿಲ್ಲ. ಈಸ್ಟರ್‌ನ ಶನಿವಾರ ಸಭೆ ಕರೆದಿದ್ದಾರೆ. ಅಲ್ಲಿ ನಾನೇ ಎದ್ದು ಹೇಳುತ್ತೇನೆ, ಊಟದ ಮನೆಯ ಮರ ಎಲ್ಲಿಂದ ಬಂತು ಎಂಬುದನ್ನೂ ಸೇರಿಸಿ. ಗೋಡೆಯ ಮೇಲಿನ ತಾಮತಿಯ ಪಟವನ್ನು ಅವರು ಇಳಿಸಿದರೆ ಇಳಿಸಲಿ. ಅವನು ಒಳ್ಳೆಯವನೇ ಆಗಿದ್ದ ರೀಪೆಕಾ, ನಿನಗೂ ಗೊತ್ತು. ಒಳ್ಳೆಯ ಕೆಲಸ ಮಾಡಲು ಹೋಗಿ ಊರಿನ ಬಾಯಿಗೇ ಮಣ್ಣು ಹಾಕಿದ.

ನೀನು ಬಾ. ಟಿಕೆಟ್ಟು ನಾನು ತೆಗೆಸುತ್ತೇನೆ, ಬಿಗುಮಾನ ಮಾಡಬೇಡ. ಅವತ್ತು ಅರ್ಧಕ್ಕೆ ನಿಂತ ಮಾತನ್ನು ಅದೇ ನಡುಮನೆಯಲ್ಲಿ ನಿಂತು ಮುಗಿಸು. ನನ್ನನ್ನು ಎಷ್ಟು ಬೈಯಬೇಕೋ ಅಷ್ಟು ಬೈ, ನಾನು ತಲೆ ತಗ್ಗಿಸಿ ಕೂತಿರುತ್ತೇನೆ. ನೀನು ಬಾರದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ. ತಿಳಿಯುವ ಯೋಗ್ಯತೆಯೂ ನನಗಿಲ್ಲ. ವೈಮಾರಿ ಹೇಗಿದ್ದಾಳೆ, ಕೈ ಮಾಯಿತೇ ಎಂಬ ಒಂದು ಸಾಲನ್ನಾದರೂ ಬರೆ. ಅವಳಿಗೀಗ ನಲವತ್ತೊಂದು ಇರಬೇಕು, ನನ್ನ ಕಣ್ಣಿಗೆ ಇನ್ನೂ ಹಲ್ಲುಬಿದ್ದ ಮಗುವೇ.

ನಿನ್ನ ಕ್ಷಮೆ ಕೇಳುವ ಬಾಯಿಲ್ಲದ
ಅತ್ತಿಗೆ,
ಮೆರೆಯಾನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಕಾಗದ ಮಡಿಸಿ ಲಕೋಟೆಗೆ ಹಾಕಿ, ಎರಡು ಸಲ ಹೊರಗೆ ತೆಗೆದೆ. ನನಗೆ ಆಗ ತಿಳಿದಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಡ್ರಮ್ಮು ಹೂತ ಸಂಜೆಯೇ ತಾಮತಿ ನನಗೆ ಹೇಳಿದ್ದ. ಅವನ ಬಟ್ಟೆ ಒಗೆದವಳು ನಾನು. ಸಾಯುವ ವಾರ ಅವನು ಹೇಳಿದ್ದರಲ್ಲಿ ನಿನಗೆ ಹೇಳು ಅಂದದ್ದಷ್ಟೇ ಹೊಸದು. ಮನೆ ತೆರೆದ ದಿನ ನೆಂಟರು ತಿಂದ ಪಿಪಿ ನಮ್ಮ ಅಳಿವೆಯದ್ದಲ್ಲ. ಬಂಡೆಯಾಚೆಯ ಕೊಲ್ಲಿಯಿಂದ ಬೆಳಗಿನ ಜಾವ ನಾನೇ ಆಯ್ದು ತಂದಿದ್ದೆ. ನನ್ನ ಮಕ್ಕಳಿಗೂ ಅಲ್ಲಿಂದಲೇ ತರುತ್ತಿದ್ದೆ. ನೀನು ಎಣ್ಣೆ ವಾಸನೆಯ ಜಾಗ ಬಿಟ್ಟು ನೂರು ಹೆಜ್ಜೆ ಕೆಳಗೆ ಹೋಗಿ, ಇಲ್ಲಿ ಪರವಾಗಿಲ್ಲ ಎಂದುಕೊಂಡು ಬುಟ್ಟಿ ತುಂಬಿಕೊಳ್ಳುತ್ತಿದ್ದೆ, ವೈಮಾರಿ ಪಕ್ಕದಲ್ಲಿ ನೀರಾಡುತ್ತಿದ್ದಳು. ಆ ದಿನದಿಂದ ನೀನು ಊರು ಬಿಡುವವರೆಗೂ, ಹತ್ತು ತಿಂಗಳು. ನನ್ನ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ನೋಡುತ್ತಾ ನಿಂತಿರುತ್ತಿದ್ದೆ.