ನಾಲ್ಕು ಬದನೆಕಾಯಿಗೆ ಕೊಟ್ಟ ತೀರ್ಪು: ಹಾಯಿದೋಣಿ ಸಂಘದ ಅಧ್ಯಕ್ಷರಿಗೆ

ಹಳೇ ಊರು, ಭದ್ರಾವತಿ
೯ ಮಾರ್ಚ್ ೧೯೪೧

ಹಾಯಿದೋಣಿ ಸಂಘದ ಅಧ್ಯಕ್ಷ ಮಹಾಶಯರೇ,

ನಿಮ್ಮ ಸಂಘದ ದೋಣಿಯಾಳು ಮಾರಪ್ಪನನ್ನು ತಾವು ಕೆಲಸದಿಂದ ತೆಗೆದು ಇಂದಿಗೆ ಎರಡು ತಿಂಗಳು ಒಂಬತ್ತು ದಿನವಾಯಿತು. ಪಂದ್ಯ ನಡೆಯುತ್ತಿರುವಾಗ ಆಚೆ ದಡದಿಂದ ಕೂಗಿದ ಒಬ್ಬ ಮುದುಕಿಯನ್ನು ದೋಣಿಗೆ ಹತ್ತಿಸಿಕೊಂಡದ್ದು ಅವನ ಅಪರಾಧ. ಅವಳು ಕೊಟ್ಟ ನಾಲ್ಕು ಬದನೆಕಾಯಿ ಅದಕ್ಕೆ ಪುರಾವೆ. ಬದನೆಕಾಯಿಯನ್ನು ಕಣ್ಣಾರೆ ಕಂಡೆನೆಂದು ಸಾಕ್ಷಿ ಹೇಳಿದವನು ನಾನು. ಈ ವಿಷಯವಾಗಿ ತಮಗೆ ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಆದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಲೆಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಓದುವವರಿಗೆ ನಿಮ್ಮ ಸಂಘದ ಪರಿಚಯ ಮಾಡಿಕೊಡಬೇಕಲ್ಲ. ಕಟ್ಟೆಯ ಹಿಂದೆ ಅಗಲವಾಗಿ ನಿಂತ ಭದ್ರೆಯ ನೀರನ್ನು ನೋಡಿ, ಇಲ್ಲಿ ಹಾಯಿ ಬಿಚ್ಚಿದರೆ ಹೇಗೆ ಎಂಬ ಯೋಚನೆ ನಾಲ್ಕು ವರ್ಷದ ಹಿಂದೆ ತಮಗೆ ಬಂತು. ಡಿಂಗಿ ಎಂಬ ಆರು ಪುಟ್ಟ ದೋಣಿಗಳು ಮುಂಬಯಿಯಿಂದ ರೈಲಿನಲ್ಲಿ ಬಂದವು. ಕೆಂಪು ಬಣ್ಣ ಬಳಿದ ಮೂರು ಪೀಪಾಯಿಗಳನ್ನು ನೀರಿನಲ್ಲಿ ತೇಲಿಬಿಟ್ಟಿರಿ. ಅವುಗಳನ್ನು ಸುತ್ತಿ ಬಂದು ಮೊದಲು ಬಾವುಟ ದಾಟಿದವರು ಗೆದ್ದಂತೆ. ಪ್ರತಿ ಭಾನುವಾರ ಬೆಳಿಗ್ಗೆ ಸದಸ್ಯರಿಗೆ ಪಂದ್ಯ, ಪಂದ್ಯವಾದ ಮೇಲೆ ಉಪ್ಪಿಟ್ಟು, ಕಾಫಿ, ಭಾಷಣ. ಸದಸ್ಯರಾಗಲು ಇಂಗ್ಲಿಷ್ ಬರಬೇಕು. ಈಜು ಬಾರದಿದ್ದರೂ ನಡೆಯುತ್ತದೆ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿ ಮೂವತ್ತು ವರ್ಷ ಗಡಿಯಾರ ನೋಡಿಯೇ ಬದುಕಿದ ನನ್ನನ್ನು, ನಿವೃತ್ತನಾದ ಮೇಲೆ, ಪಂದ್ಯದ ಹೊತ್ತು ಗುರುತು ಹಾಕಲು ತಾವೇ ಕರೆದಿರಿ. ನಿಮಿಷ ಸೆಕೆಂಡು ತಪ್ಪದವನು ಎಂದು ಹತ್ತು ಜನರ ಮುಂದೆ ಹೊಗಳಿದಿರಿ. ನಾನು ಉಬ್ಬಿಹೋದೆ.

ಆದರೆ ಆ ದೋಣಿ ನಡೆಸಲು ನಿಮಗೆ ಕಲಿಸಿದವರು ಯಾರು, ಸ್ವಾಮಿ? ಪೆಟ್ಟಿಗೆಯ ಜೊತೆ ಬಂದ ಇಂಗ್ಲಿಷ್ ಪುಸ್ತಕವೇ? ಪುಸ್ತಕದಲ್ಲಿದ್ದದ್ದು ಸಮುದ್ರದ ಗಾಳಿ. ನಮ್ಮ ಹೊಳೆಯ ಗಾಳಿ ಯಾವ ಹೊತ್ತಿನಲ್ಲಿ ಯಾವ ದಡ ಹಿಡಿದು ಬರುತ್ತದೆ ಎಂದು ತೋರಿಸಿದವನು ಮಾರಪ್ಪ. ಅವನು ಹಾಯಿಯನ್ನು ಮೊದಲು ಕಂಡದ್ದು ನಿಮ್ಮಲ್ಲೇ. ಎರಡು ವಾರದಲ್ಲಿ ನಿಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತ. ತಾವು ಮೊದಲ ದಿನವೇ ಮಗುಚಿ ಬಿದ್ದು ಕೈ ಬಡಿದಾಗ ಅವನು ಧುಮುಕಿ ಎಳೆದು ತಂದನಲ್ಲ, ಆಗ ಸಂಘದ ಯಾವ ನಿಯಮದ ಪ್ರಕಾರ ಎಳೆದ ಎಂದು ವಿಚಾರಣೆ ನಡೆಸಿದಿರಾ?

ಸಂಘ ಬರುವ ಮೊದಲು ಅವನು ಅಲ್ಲೇ, ಜನ ಹೊಳೆ ದಾಟುವ ಕಡವಿನಲ್ಲಿ, ಹರಿಗೋಲು ಹಾಕುತ್ತಿದ್ದ ಅಂಬಿಗ. ಅವನ ಅಪ್ಪನೂ ಅಂಬಿಗನೇ. ಈ ಮನೆತನದಲ್ಲಿ ಮಗನ ಕೈಗೆ ಹುಟ್ಟು ಕೊಡುವ ದಿನ ಹೊಳೆಗೆ ಹಣ್ಣುಕಾಯಿ ಮಾಡಿಸಿ, ಒಂದು ಮಾತು ತೆಗೆದುಕೊಳ್ಳುತ್ತಾರೆ: ದಡದಿಂದ ಯಾರೇ ಕೂಗಲಿ, ಕೇಳಿಸಿದ ಮೇಲೆ ಬಿಟ್ಟು ಹೋಗಕೂಡದು. ಊಟಕ್ಕೆ ಕೂತಿದ್ದರೂ ಎದ್ದು ಹೋಗಬೇಕು. ಜಗಳವಾಡಿದವನು ಕೂಗಿದರೂ ಹೋಗಬೇಕು. ದಾಟಿಸಿದ್ದಕ್ಕೆ ಅವರು ಕೈಗೆ ಕಾಸು ಪಡೆಯುವವರಲ್ಲ. ಸುಗ್ಗಿಯಲ್ಲಿ ಆಚೆ ದಡದ ಹಳ್ಳಿಯವರು ಮನೆಗಿಷ್ಟು ಎಂದು ಭತ್ತ ಅಳೆದುಕೊಡುತ್ತಾರೆ. ಸಂತೆಗೆ ಬರುವ ಹೆಂಗಸರು ಬುಟ್ಟಿಯಿಂದ ಒಂದು ಹಿಡಿ ಏನಾದರೂ ದೋಣಿಯಲ್ಲಿಟ್ಟು ಇಳಿಯುತ್ತಾರೆ. ಹಾಗೆ ಇಡದೆ ಇಳಿದರೆ ಹೊಳೆಗೆ ಮರ್ಯಾದೆ ಕೊಡಲಿಲ್ಲವೆಂದು ಅವರ ಮನಸ್ಸಿಗೇ ಕಸಿವಿಸಿ.

ಇನ್ನು ಡಿಸೆಂಬರಿನ ಕೊನೆಯ ಭಾನುವಾರದ ಸಂಗತಿ. ಅಂದು ಶಿವಮೊಗ್ಗದಿಂದ ದೊಡ್ಡ ಅತಿಥಿಗಳು ಬರುವವರಿದ್ದರು. ಆರು ದೋಣಿಗೆ ಐದೇ ಜನ ಸದಸ್ಯರು ಸಿಕ್ಕರು, ಒಬ್ಬರಿಗೆ ಜ್ವರ. "ಆರೂ ಹಾಯಿ ಕಾಣದಿದ್ರೆ ಚೆನ್ನಾಗಿರೋಲ್ಲ. ಮಾರಪ್ಪ, ನೀನೂ ಒಂದು ಹತ್ತು ಮಾರಾಯ" ಎಂದವರು ತಾವೇ. ನಾನು ಪಕ್ಕದಲ್ಲೇ ನಿಂತಿದ್ದೆ. ಏಳೂವರೆಗೆ ಆಗಬೇಕಿದ್ದ ಪಂದ್ಯ, ಅತಿಥಿಗಳ ಕಾರು ಬರುವ ಹೊತ್ತಿಗೆ ಒಂಬತ್ತು ದಾಟಿತು. ಅಷ್ಟು ಹೊತ್ತೂ ಹರಿಗೋಲು ಹಾಕಬಾರದೆಂದು ನಿಮ್ಮ ಕಾರ್ಯದರ್ಶಿ ಮಾರಪ್ಪನ ತಮ್ಮನಿಗೆ ತಾಕೀತು ಮಾಡಿದ್ದರು. ಆಚೆ ದಡದ ಮುದುಕಿಗೆ ಅತಿಥಿಗಳ ವಿಷಯ ಯಾರು ಹೇಳಬೇಕು? ಬುಟ್ಟಿ ಹೊತ್ತು ಬಂದಳು, ಎರಡು ಗಂಟೆ ಕಾದಳು. ಕೊನೆಗೆ ಹೊಳೆಯಲ್ಲಿ ಮಾರಪ್ಪನ ತಲೆ ಕಂಡಿತು. ಅವಳ ಲೆಕ್ಕದಲ್ಲಿ ಮಾರಪ್ಪ ಕೂತದ್ದೆಲ್ಲ ದೋಣಿಯೇ.

"ಓ ಮಾರಪ್ಪೋ! ಸಂತೆ ಮುಗ್ದೋಯ್ತದೆ, ಬಾರಪ್ಪೋ!"

ಆಗ ಅವನು ಎಲ್ಲರಿಗಿಂತ ಮುಂದಿದ್ದ. ಎರಡನೆಯವರು ತಾವು. ಅವನು ಒಂದು ಕ್ಷಣ ಬಾವುಟದ ಕಡೆ ನೋಡಿದ. ಅಷ್ಟೇ, ದೋಣಿಯ ಮೂತಿ ತಿರುಗಿಸಿ ಸೀದಾ ಆಚೆ ದಡಕ್ಕೆ ಹೋದ. ನಮ್ಮ ಕಡೆ ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿ ಬುಟ್ಟಿ ತೊಡೆಯ ಮೇಲಿಟ್ಟು ಹಾಯಿಯ ಕೆಳಗೆ ಕೂತಳು. "ಇದೇನೋ ಪಂಚೆ ಒಣಗಾಕಿದ್ದೀಯ?" ಎಂದು ಕೇಳಿದಳಂತೆ. "ತಲೆ ಬಗ್ಸವ್ವ, ಹಾಯಿ ಮರ ತಿರುಗ್ತದೆ" ಎಂದನಂತೆ ಇವನು. ಆಮೇಲೆ ನಡೆದದ್ದು ತಮಗೂ ಗೊತ್ತು. ಹತ್ತು ಗಂಟೆಯ ಸುಮಾರಿಗೆ ಗಾಳಿ ಆಚೆ ದಡವನ್ನೇ ಹಿಡಿದು ಇಳಿಯುತ್ತದೆ. ಅವನು ನಿಮಗೆ ನೂರು ಸಲ ಹೇಳಿದ್ದ ಪಾಠ. ನಡುನೀರಿನಲ್ಲಿ ನಿಮ್ಮ ಐದೂ ಹಾಯಿಗಳು ಜೋತುಬಿದ್ದು ನಿಂತವು. ಅವನ ಹಾಯಿ ತುಂಬಿತು. ಉಳಿದ ಪೀಪಾಯಿಯನ್ನೂ ಸುತ್ತಿಕೊಂಡು, ಮುದುಕಿ ಸಮೇತ, ತಮಗಿಂತ ಒಂದು ನಿಮಿಷ ಇಪ್ಪತ್ತು ಸೆಕೆಂಡು ಮೊದಲು ಬಾವುಟ ದಾಟಿದ. ಇಳಿಯುವಾಗ ಮುದುಕಿ ನಾಲ್ಕು ಬದನೆಕಾಯಿಗಳನ್ನು ದೋಣಿಯ ಹಲಗೆಯ ಮೇಲಿಟ್ಟು, ನಿಮ್ಮ ಅತಿಥಿಗಳ ನಡುವೆ ದಾರಿ ಮಾಡಿಕೊಂಡು ಸಂತೆಗೆ ಹೋದಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ತಮ್ಮ ಮುಖ ನೋಡಿದವನು ನಾನೊಬ್ಬನೇ ಇರಬೇಕು.

ಎರಡು ದಿನ ಬಿಟ್ಟು ವಿಚಾರಣೆ. ಮಾರಪ್ಪ ಬಾಗಿಲ ಬಳಿ ನಿಂತಿದ್ದ.

"ಸಂಘದ ದೋಣಿಯನ್ನು ಬಾಡಿಗೆಗೆ ಹಾಕಿದ್ದು ನಿಜವೋ?" ಎಂದು ಕೇಳಿದಿರಿ.

"ಬಾಡಿಗೆ ಅಲ್ಲ ಬುದ್ಧೀ. ಕೂಗಿದ್ರು, ಹೋದೆ."

ತಾವು ನನ್ನ ಕಡೆ ತಿರುಗಿದಿರಿ. "ಆ ಹೆಂಗಸು ಏನಾದರೂ ಕೊಟ್ಟಳೇ? ನೀವು ಕಂಡದ್ದನ್ನು ಮಾತ್ರ ಹೇಳಿ."

"ಬದನೆಕಾಯಿ ಕೊಟ್ಟಳು" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆನೇ? ಇಲ್ಲ. "ನಾಲ್ಕು" ಎಂದೂ ಸೇರಿಸಿದೆ.

ನಿಮ್ಮ ಕಾರ್ಯದರ್ಶಿ ಪುಸ್ತಕ ತೆರೆದರು. ದೋಣಿಯಿಂದ ಹೊಟ್ಟೆ ಹೊರೆಯುವವನು ಪಂದ್ಯಕ್ಕೆ ಅನರ್ಹ ಎಂದು ಅದರಲ್ಲಿತ್ತು. ಆದ್ದರಿಂದ ಅವನು ಗೆದ್ದದ್ದು ರದ್ದು. ಸಂಘದ ದೋಣಿಯಲ್ಲಿ ಪ್ರತಿಫಲ ಪಡೆದ. ಆದ್ದರಿಂದ ಕೆಲಸವೂ ರದ್ದು. ಬಹುಮಾನದ ಬೆಳ್ಳಿ ಬಟ್ಟಲು ತಮ್ಮ ಮನೆಗೆ ಹೋಯಿತು. ಮಾರನೆಯ ವಾರ, ತಾವು ಮಿಕ್ಕ ಆರು ದಿನ ಕೂರುವ ಸರ್ಕಾರಿ ಕುರ್ಚಿಯಿಂದ, ಭಾನುವಾರ ಮಧ್ಯಾಹ್ನದವರೆಗೆ ಕಡವಿನಲ್ಲಿ ಹರಿಗೋಲು ಹಾಕಕೂಡದೆಂಬ ಹುಕುಮೂ ಹೊರಟಿತು. ಸಂತೆ ಇರುವುದು ಭಾನುವಾರ. ಸೇತುವೆ ಸುತ್ತಿ ಬಂದರೆ ನಾಲ್ಕು ಮೈಲಿ.

ನನಗೆ ಅರ್ಥವಾಗದ್ದನ್ನು ತಿಳಿಸಿಕೊಡಿ. ದೋಣಿಯಿಂದ ಹೊಟ್ಟೆ ಹೊರೆಯುವವನೆಂದು ಗೊತ್ತಿದ್ದೇ ತಾವು ಅವನನ್ನು ಹತ್ತಿಸಿದ್ದಲ್ಲವೇ? ಅವನು ಆರನೆಯವನಾಗಿ ಬಂದಿದ್ದರೆ ಆ ನಿಯಮ ಯಾರಿಗಾದರೂ ನೆನಪಾಗುತ್ತಿತ್ತೇ? ಸದಸ್ಯರು ತಮ್ಮ ಭಾವಮೈದಂದಿರನ್ನು, ಹೆಂಡತಿಯರನ್ನು, ಒಮ್ಮೆ ಒಂದು ಗ್ರಾಮಫೋನನ್ನು ಕೂಡ ದೋಣಿಯಲ್ಲಿ ಕೂರಿಸಿಕೊಂಡು ಪಂದ್ಯ ಓಡಿಸಿದ್ದಾರೆ. ನನ್ನ ಪುಸ್ತಕದಲ್ಲಿ ತಾರೀಖು ಸಮೇತ ಇದೆ. ಮುದುಕಿ ಗ್ರಾಮಫೋನಿಗಿಂತ ಭಾರವಾದಳೇ? ನಿಮ್ಮನ್ನು ಬದನೆಕಾಯಿ ನೋಯಿಸಲಿಲ್ಲ ಸ್ವಾಮಿ, ಆ ಒಂದು ನಿಮಿಷ ಇಪ್ಪತ್ತು ಸೆಕೆಂಡು ನೋಯಿಸಿತು. ಅದನ್ನು ಬಾಯಿಬಿಟ್ಟು ಹೇಳಲಾರದೆ ಒಬ್ಬ ಬಡವನ ಅನ್ನಕ್ಕೆ ಕಲ್ಲು ಹಾಕಿದಿರಿ.

ನಾನು ಒಳ್ಳೆಯವನೆಂದು ಇದನ್ನು ಬರೆಯುತ್ತಿಲ್ಲ. ಅಂದು ತಾವು ಕೇಳಿದ್ದು ಒಂದು ಪ್ರಶ್ನೆ, ನಾನು ಉತ್ತರಿಸಿದ್ದೂ ಅಷ್ಟಕ್ಕೇ. ಅವರ ಪದ್ಧತಿ ಏನು, ಆ ಬದನೆಕಾಯಿಯ ಅರ್ಥ ಏನು ಎಂದು ಹೇಳಲು ನನಗೆ ಬಾಯಿ ಇರಲಿಲ್ಲವೇ? ಇತ್ತು. ಕರಾರುವಾಕ್ಕಾಗಿ ಹೇಳುವವನು ಎಂಬ ಹೊಗಳಿಕೆಯೇ ನನಗೆ ಹೆಚ್ಚಾಯಿತು. ಇದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೋದ ತಿಂಗಳು ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ ಮಾರಪ್ಪನನ್ನು ಹುಡುಕಿದೆ. ಪೇಟೆಯ ಅಕ್ಕಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದಾನೆ. ತುಂಗೆ ಅಲ್ಲಿಗೆ ಕೂಗಳತೆ. ಹೊಳೆಗೆ ಹೋಗಿದ್ದೆಯಾ ಎಂದು ಕೇಳಿದೆ. "ಸ್ನಾನಕ್ಕೂ ಹೋಗಿಲ್ಲ ಸ್ವಾಮಿ, ಬಾವಿ ನೀರೇ ಸಾಕು" ಎಂದ. ಕ್ಷಮಿಸು ಎನ್ನುವ ಬದಲು ಪತ್ರಿಕೆಗೆ ಬರೆಯುತ್ತೇನೆ ಎಂದೆ.

"ಬರೀರಿ. ಆದ್ರೆ ಆವಮ್ಮನ ಹೆಸ್ರು ಹಾಕ್ಬೇಡಿ. ತನ್ನಿಂದ ಹಿಂಗಾಯ್ತು ಅಂತ ಮೊದ್ಲೇ ಕೊರಗ್ತಾ ಅವ್ಳೆ."

ಹೆಸರು ಹಾಕಿಲ್ಲ. ಆದರೆ ಕೊರಗು ಎಷ್ಟೆಂದು ನೋಡಲು ಕಡವಿಗೆ ಹೋದೆ. ವಾರದ ದಿನಗಳಲ್ಲಿ ಹರಿಗೋಲು ಹಾಕುತ್ತಿರುವವನು ಮಾರಪ್ಪನ ತಮ್ಮ ಭೂತಪ್ಪ. "ಆವಮ್ಮ ಈಗ ಕೂಗಲ್ಲ ಸ್ವಾಮಿ" ಎಂದ. "ಬಂದು ಸುಮ್ಕೆ ನಿಂತ್ಕೋತಾಳೆ. ನಾನಾಗಿ ನೋಡಿದ್ರೆ ಸರಿ, ಇಲ್ದಿದ್ರೆ ವಾಪಸ್ ಹೋಗ್ತಾಳೆ."

ಆದ್ದರಿಂದ ನಾನು ಕೇಳುವುದು ಇಷ್ಟು. ಮಾರಪ್ಪನನ್ನು ಗೌರವದಿಂದ ಕರೆಸಿ ಅವನ ಕೆಲಸ ಅವನಿಗೆ ಕೊಡಿ. ಭಾನುವಾರದ ಹುಕುಮನ್ನು ಹಿಂದಕ್ಕೆ ತೆಗೆದುಕೊಳ್ಳಿ. ನಿಮ್ಮ ಪೀಪಾಯಿಗಳ ನಡುವೆ ಒಂದು ಹರಿಗೋಲು ಹಾದುಹೋದರೆ ಭದ್ರೆ ಬತ್ತುವುದಿಲ್ಲ. ಬೆಳ್ಳಿ ಬಟ್ಟಲನ್ನು ಬೇಕಾದರೆ ಇಟ್ಟುಕೊಳ್ಳಿ, ಅವನಿಗದು ಬೇಡವಂತೆ. ಮೂರನೆಯದನ್ನು ಮಾತ್ರ ಗುಮಾಸ್ತನ ಕೈಲಿ ಮಾಡಿಸಲಾಗದು. ತಾವೇ ಆಚೆ ದಡಕ್ಕೆ ಹೋಗಿ, ಕೂಗಿದ್ದು ತಪ್ಪಲ್ಲವೆಂದು ಆ ಮುದುಕಿಗೆ ಹೇಳಿ ಬರಬೇಕು. ನಾನು ಹೇಳಿ ನೋಡಿದೆ. ಅವಳು ನನ್ನ ಮುಖ ನೋಡಿ, "ಆವತ್ತು ಗಡಿಯಾರ ಹಿಡ್ಕೊಂಡು ನಿಂತಿದ್ದೋರು ನೀವೇ ಅಲ್ವಾ?" ಎಂದು ಕೇಳಿದಳು. ಹೌದೆಂದೆ. ಬುಟ್ಟಿ ಎತ್ತಿಕೊಂಡು ದೂರ ಹೋಗಿ ನಿಂತಳು.

ಇಂತಿ,
ಕೇಳಿದಷ್ಟಕ್ಕೇ ನಿಜ ಹೇಳಿ ಒಬ್ಬನ ಅನ್ನ ಕಳೆದ,
ಗಂಗಾಧರಪ್ಪ
ನಿವೃತ್ತ ಸ್ಟೇಷನ್ ಮಾಸ್ತರ