ಮೂರನೇ ಮೆಟ್ಟಿಲ ಹಲಗೆ

ಮಾರ್ಚ್ ೫, ಗುರುವಾರ

ಮತ್ತೆ ಕಾಫಿ ಸುರಿದೆ. ಲೋಟಕ್ಕಲ್ಲ, ಕಾಗದಕ್ಕೆ. ಇದ್ದಿಲಲ್ಲಿ ಬಿಡಿಸಿದ ಮೆಟ್ಟಿಲುಗಳು, ಕಾಫಿಯ ಕಂದು, ಮೇಣ, ಅಮ್ಮನ ಪರದೆಯ ತುಂಡು... ಎಲ್ಲ ಇದೆ, ಜೀವವಿಲ್ಲ. ಮೂರನೇ ಮೆಟ್ಟಿಲಲ್ಲಿ ಏನೋ ಬೇಕು. ಪ್ರದರ್ಶನಕ್ಕೆ ಇನ್ನು ಮೂರೇ ವಾರ.

ಬಾಗಿಲ ಹಿಡಿಯಲ್ಲಿ 'ಗುಡಿಸುವ ವಾರ' ಎಂದು ಬರೆದ ಹಲಗೆ ತೂಗುತ್ತಿದೆ. ಈ ವಾರ ಮೆಟ್ಟಿಲು ಗುಡಿಸುವ ಸರದಿ ನನ್ನದು. ಶನಿವಾರ ಒರೆಸಿ ಮುಗಿಸಿ, ಅದನ್ನು ಎದುರುಮನೆ ಬಾಗಿಲಿಗೆ ತೂಗುಹಾಕಬೇಕು. ಅಲ್ಲಿಯ ಹೆಫೆಲೆ ಮುದುಕಿಯೊಡನೆ ನಾಲ್ಕು ವರ್ಷದಿಂದ ಇರುವ ಮಾತುಕತೆ ಇಷ್ಟೇ — ಒಂದು ಹಲಗೆ, ಅತ್ತಿಂದಿತ್ತ. ಆಗ ನನ್ನ ಚಿತ್ರವೊಂದನ್ನು ನೋಡಿ ಅಂದಿದ್ದಳು: "ಅಯ್ಯೋ, ನನ್ನ ಸರದಿ ಬಂದಾಗೆಲ್ಲ ನಾನು ಒರೆಸಿ ಹಾಕೋದು ಇದನ್ನೇ ಅಲ್ವೇನ್ರೀ!" ಅಂದು ಬಿಟ್ಟ ಮಾತು ಇಂದಿಗೂ ಬಿಟ್ಟೇ ಇದೆ.

ಮಾರ್ಚ್ ೭, ಶನಿವಾರ

ಅಂಟಿಸಿಬಿಟ್ಟೆ. ಹಲಗೆಯನ್ನೇ!

ಮೆಟ್ಟಿಲು ಒರೆಸಿ, ಎದುರುಮನೆಗೆ ತೂಗುಹಾಕಲು ಹೊರಟವಳು ಚಿತ್ರದ ಮುಂದೆ ನಿಂತೆ. ಅಂಗೈಯಗಲದ ಮರ, ಮಾಸಿದ ಅಕ್ಷರ, ಗಂಟು ಹಾಕಿದ ದಾರ. ಸುಮ್ಮನೆ ಮೂರನೇ ಮೆಟ್ಟಿಲಲ್ಲಿಟ್ಟು ನೋಡಿದೆ. ಚಿತ್ರ ಎದ್ದು ಕುಳಿತಿತು. ಅಂಟು ಒಣಗಿದ ಮೇಲೆ ಬುದ್ಧಿ ಬಂತು. ಹಲಗೆ ಬಾರದೆ ಅವಳು ಪೊರಕೆ ಮುಟ್ಟುವವಳಲ್ಲ. ನಮ್ಮೂರು ಎಸ್ಲಿಂಗನ್‌ನಲ್ಲಿ ಯಾರೂ ಮುಟ್ಟುವುದಿಲ್ಲ.

ಮಾರ್ಚ್ ೨೧, ಶನಿವಾರ

ಸತತ ಮೂರು ಶನಿವಾರ ನಾನೇ ಒರೆಸಿದ್ದು. ಸೊಂಟ ಹಿಡಿದಿದೆ. ಹೊಸ ಹಲಗೆ ಮಾಡಬಹುದು. ಮಾಡಿದರೆ ಹಳೆಯದೆಲ್ಲಿ ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ಅವಳ ಬಾಯಿಗೆ ಬೀಳಬೇಕು.

ಗ್ಯಾಲರಿಯ ನೇಗೆಲೆ ಬಂದು ಚಿತ್ರ ಒಯ್ದರು. ಹಲಗೆ ಕಂಡದ್ದೇ ಕಣ್ಣರಳಿಸಿದರು.

"ಯುದ್ಧದ ಅಪರಾಧಪ್ರಜ್ಞೆ! ಎಷ್ಟು ಒರೆಸಿದರೂ ಜರ್ಮನಿಗೆ ಅಂಟ್ಕೊಂಡೇ ಇರೋದು. ಅದರ ಸಂಕೇತ ತಾನೆ, ಫ್ರೌ ಮುಂಡಿಂಗರ್?"

ಹೂಂ ಅಂದೆ. ಅಂಟಿಕೊಂಡಿರುವುದಂತೂ ನಿಜ.

ಮಾರ್ಚ್ ೨೪, ಮಂಗಳವಾರ

ಬಾಗಿಲು ತಟ್ಟಿದ ಸದ್ದು. ತೆರೆದರೆ — ಫ್ರೌ ಹೆಫೆಲೆ. ಎಂಬತ್ತೊಂದರ ವಯಸ್ಸು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪ್ಲಮ್ ಜಾಮ್.

"ಕೂತ್ಕೊಳ್ಳಲ್ಲ. ಒಂದ್ ಮಾತು ಹೇಳಿ ಹೋಗ್ತೀನಿ. ನನಗೆ ಮಂಡಿನೋವು ಅಂತ ಹಲಗೆ ಮುಚ್ಚಿಟ್ಕೊಂಡು ನೀವೇ ಒರೆಸ್ತಿದೀರಿ. ನನಗೇನು ಗೊತ್ತಾಗಲ್ಲ ಅಂದ್ಕೊಂಡ್ರಾ? ಮೂಲೆ ಮಾತ್ರ ನೆಟ್ಟಗೆ ಒರೆಸಲ್ಲ ನೀವು. ಆದ್ರೂ..."

ಅವರ ಕಣ್ಣು ತುಂಬಿತ್ತು. ನಿಜ ಹೇಳಬೇಕಿತ್ತು. ಜಾಮ್ ತೆಗೆದುಕೊಂಡೆ.

"ಕೆಳಗೆ ನಿಮ್ಮ ಪ್ರದರ್ಶನದ ಕಾರ್ಡ್ ನೋಡ್ದೆ. ಶುಕ್ರವಾರ ನಾನೂ ಬರ್ತೀನಿ."

ಜಾಮ್ ಚೆನ್ನಾಗಿದೆ. ಒಂದು ಚಮಚಕ್ಕೇ ಮುಚ್ಚಳ ಹಾಕಿಟ್ಟೆ.

ಮಾರ್ಚ್ ೨೬, ಗುರುವಾರ

ಎರಡು ಸಲ ಅವರ ಬಾಗಿಲವರೆಗೂ ಹೋದೆ. ಎರಡು ಸಲವೂ ತಿರುಗಿ ಬಂದೆ. ಮೆಟ್ಟಿಲಲ್ಲಿ ಎದುರಾದಾಗ ಈಗ ನಗುತ್ತಾರೆ. ನಿಜ ಹೇಳಿದರೆ ಆ ನಗು ಹೋಗುತ್ತದೆ. ಕಳೆದುಕೊಳ್ಳಲು ಮನಸ್ಸಿಲ್ಲ, ಅಷ್ಟೇ.

ಮಾರ್ಚ್ ೨೭, ಶುಕ್ರವಾರ

ಬಂದರು. ನೀಲಿ ಕೋಟು, ಮುತ್ತಿನ ಓಲೆ. ನೆಟ್ಟಗೆ ಆ ಚಿತ್ರದ ಮುಂದೆಯೇ ಹೋಗಿ ನಿಂತರು. ನೇಗೆಲೆ ಬಿಡುತ್ತಾರೆಯೇ?

"ಈ ಹಲಗೆ ನೋಡಿ ಮೇಡಂ, ನಮ್ಮೆಲ್ಲರ ಅಪರಾಧದ ಸಂಕೇತ..."

"ಯಾವ ಅಪರಾಧ ರೀ? ಇದು ನಮ್ಮ ಎರಡನೇ ಮಹಡಿ ಹಲಗೆ. ಆ ದಾರಕ್ಕೆ ಗಂಟು ಹಾಕಿದ್ದೇ ನಾನು!"

ಜನ ನಕ್ಕರು. ಫ್ರೌ ಹೆಫೆಲೆ ನಗಲಿಲ್ಲ. ನನ್ನ ಕಡೆ ತಿರುಗಿದರು.

"ಹಾಗಾದ್ರೆ ನನ್ನ ಮಂಡಿಗೋಸ್ಕರ ಅಲ್ವಾ?"

ಹೌದು ಅಂದಿದ್ದರೆ ನಂಬುತ್ತಿದ್ದರು. ನಂಬಲು ಕಾಯುತ್ತಿದ್ದರು.

"ಅಲ್ಲ," ಅಂದೆ. "ಚಿತ್ರಕ್ಕೆ ಬೇಕಿತ್ತು."

ಕೋಲೂರಿಕೊಂಡು ಹೊರಟುಹೋದರು. ನಾಚಿಕೆಯಾಯಿತು. ಯಾರೋ ವೈನ್ ಕೊಟ್ಟರು, ಕುಡಿದೆ.

ಮಾರ್ಚ್ ೨೮, ಶನಿವಾರ, ಬೆಳಿಗ್ಗೆ ಒಂಬತ್ತೂವರೆ

ಬಕೆಟ್ ಸದ್ದಿಗೆ ಬಾಗಿಲು ತೆರೆದೆ. ಹಿಡಿಯಲ್ಲಿ ರಟ್ಟಿನ ತುಂಡೊಂದು ತೂಗುತ್ತಿತ್ತು. ನಡುಗುವ ಕೈಬರಹ: ಗುಡಿಸುವ ವಾರ. ಅಂಥದೇ ದಾರ, ಅಂಥದೇ ಗಂಟು. ಮೂಲೆಯಲ್ಲಿ ಕಾಫಿ ಲೋಟದ ಕಂದು ಉಂಗುರ. ಅವರು ಕಾಫಿ ಚೆಲ್ಲುವವರಲ್ಲ. ಬೇಕೆಂದೇ ಇಟ್ಟದ್ದು.

ಮೆಟ್ಟಿಲೆಲ್ಲ ಒದ್ದೆ. ಮೂಲೆಗಳೂ. ಮೂರನೇ ಮೆಟ್ಟಿಲಲ್ಲಿ ಅವರು, ಮಂಡಿ ನೀವಿಕೊಳ್ಳುತ್ತ.

"ಏನ್ ನೋಡ್ತಿದೀರಿ? ಈ ವಾರ ನಂದು, ಮುಗಿಸ್ದೆ. ಮುಂದಿನ ವಾರ ನಿಮ್ದು."

"ಫ್ರೌ ಹೆಫೆಲೆ, ನಿನ್ನೆ..."

"ನಿನ್ನೆ ಸುಳ್ಳು ಹೇಳ್ಬಹುದಿತ್ತು ನೀವು. ಹೇಳ್ಲಿಲ್ಲ. ಸಿಟ್ಟು ಇನ್ನೂ ಇದೆ. ಕಾಫಿ ಇದೆಯಾ?"

ನೀರು ಕಾಯಲು ಇಟ್ಟು ಇದನ್ನು ಬರೆಯುತ್ತಿದ್ದೇನೆ. ಅಳು ಬರುತ್ತಿದೆ, ನಗುವೂ. ಎರಡು ಲೋಟ ತೆಗೆದಿಟ್ಟೆ. ಹೊರಗಿಂದ ಕೂಗುತ್ತಿದ್ದಾರೆ — "ಇನ್ನೂ ಎಷ್ಟ್ ಹೊತ್ರೀ? ಹುಷಾರು, ಈಗ ತಾನೆ ಒರೆಸಿದೀನಿ, ಒಂದ್ ತೊಟ್ಟು ಚೆಲ್ಲಿದ್ರೂ..."

ಬಂದೆ ಅಂದೆ. ಲೋಟಗಳನ್ನು ಅರ್ಧ ಮಾತ್ರ ತುಂಬಿಸಬೇಕು.